ಗುಟ್ಟು ತಿಳಿದ ಮೇಲೆ ಓದಿದ ಕಾದಂಬರಿ

ಚಲನಚಿತ್ರವನ್ನು ನೋಡಿ ಮೆಚ್ಚಿದವನು ಅದರ ಮೂಲ ಕಾದಂಬರಿಯನ್ನು ಓದುವುದರಿಂದ ಪ್ರಯೋಜನವೇನು? ಅದರಲ್ಲಿಯೂ ಪತ್ತೇದಾರಿ ಕಥೆಯಾದರೆ, ಗುಟ್ಟು ರಟ್ಟಾದ ಮೇಲೆ ಉಳಿಯುವ ಸ್ವಾರಸ್ಯವೇನು? ಈ ಪ್ರಶ್ನೆಗೆ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ ತಕ್ಕ ಉತ್ತರವನ್ನು ಕೊಡುತ್ತದೆ. 1985ರಲ್ಲಿ ಪ್ರಕಟವಾಗಿ, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಕೃತಿಯನ್ನು ಗಿರೀಶ ಕಾರ್ನಾಡರು ಮುಂದೆ ಕಿರುತೆರೆಗೆ ತಂದರು. ಆ ಚಿತ್ರದ ಮೇಲಿನ ಮೆಚ್ಚುಗೆಯೇ ನನ್ನನ್ನು ಪುಸ್ತಕದ ಬಳಿಗೆ ಕರೆತಂದಿತು.

ಕಥೆಯ ಎಳೆ ಸರಳವಾದುದು. ಮಲೆನಾಡಿನ ಕೆಸರೂರಿನಲ್ಲಿ ಏಲಕ್ಕಿಯ ಇಳುವರಿ ಕುಸಿದಿದೆ. ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವು ನಿಗೂಢವಾಗಿದೆ. ತನಿಖೆಗೆಂದು ಗುಪ್ತಚರ ಅಧಿಕಾರಿ ಅಂಗಾಡಿ ಬರುತ್ತಾನೆ. ಚಿತ್ರವನ್ನು ನೋಡುವಾಗ ನಮ್ಮ ಕಣ್ಣು ಅಂಗಾಡಿಯ ಹಿಂದೆಯೇ ಓಡುತ್ತದೆ. ಮುಂದೇನು ಎಂಬ ಕಾತರವೇ ಪ್ರಧಾನ. ಪುಸ್ತಕದಲ್ಲಿಯಾದರೋ ಆ ಅವಸರವಿಲ್ಲ. ಕಥೆ ಗೊತ್ತಿರುವ ಓದುಗನು ನಿಂತು ನೋಡಬಲ್ಲನು. ಊರಿನವರ ಹರಟೆ, ಗಾಳಿಸುದ್ದಿ, ಜಾತಿಯ ಗುಮಾನಿ, ರಫಿ ಮತ್ತು ಜಯಂತಿಯರ ಪ್ರೇಮದ ಸುತ್ತ ಬೆಳೆಯುವ ಹಗೆ, ಇವುಗಳನ್ನು ಲೇಖಕರು ನಗಿಸುತ್ತಲೇ ಹೇಳುತ್ತಾರೆ. ನಗುನಗುತ್ತಿರುವಾಗಲೇ ಭಯವೂ ಹುಟ್ಟುತ್ತದೆ. ಕಡೆಗೆ ಬೆಂಕಿ ಊರನ್ನೇ ಆವರಿಸಿದಾಗ, ಅದಕ್ಕೆ ಬೇಕಾದ ಸೌದೆಯನ್ನು ಎಲ್ಲರೂ ಸೇರಿಯೇ ಒಟ್ಟಿದ್ದರೆಂಬುದು ಮನವರಿಕೆಯಾಗುತ್ತದೆ.

ಹೆಸರಿನ ಅರ್ಥವೂ ಆಗಲೇ ಹೊಳೆಯುವುದು. ಚಿದಂಬರದ ಗುಡಿಯಲ್ಲಿ ತೆರೆಯನ್ನು ಸರಿಸಿದರೆ ಕಾಣುವುದು ಬಯಲು. ಇಲ್ಲಿಯೂ ಅಪರಾಧಿಯ ಹೆಸರಿಗಿಂತ, ಕಣ್ಣೆದುರಿನದನ್ನೇ ಕಾಣದ ಊರಿನ ಕುರುಡು ದೊಡ್ಡ ರಹಸ್ಯ.

ಕೆಸರೂರು ನಮಗೆ ದೂರದ ಊರಲ್ಲ. ದೇವನಹಳ್ಳಿಯಲ್ಲಿ ಏಲಕ್ಕಿ ಇಲ್ಲದಿದ್ದರೂ ಹೆಸರಾಂತ ಚಕ್ಕೋತವುಂಟು. 2008ರಲ್ಲಿ ವಿಮಾನ ನಿಲ್ದಾಣ ತೆರೆಯಿತು, ಭೂಮಿಯ ಬೆಲೆ ಏರಿತು, ತೋಟಗಳು ಬಡಾವಣೆಗಳಾದುವು, ಅಂತರ್ಜಲವೂ ಆಳಕ್ಕಿಳಿಯಿತು. ಚಕ್ಕೋತವೇಕೆ ಕಡಮೆಯಾಯಿತೆಂದು ಕೇಳಿದರೆ ಒಬ್ಬರು ನೀರನ್ನು ದೂರುವರು, ಇನ್ನೊಬ್ಬರು ದಲ್ಲಾಳಿಯನ್ನು, ಮತ್ತೊಬ್ಬರು ಕಾಲವನ್ನು. ತಮ್ಮ ಪಾಲನ್ನು ಹೇಳುವವರು ವಿರಳ. ಅಂಗಾಡಿ ಇಲ್ಲಿಗೆ ಬಂದರೂ ಅವನ ಕಡತ ದಪ್ಪವಾಗುವುದೇ ಹೊರತು ಮುಗಿಯಲಾರದು.

ಆದುದರಿಂದ ಮಿತ್ರರೇ, ಚಿತ್ರವನ್ನು ಮೆಚ್ಚಿದವರು ಪುಸ್ತಕವನ್ನು ತಾಳೆ ನೋಡುವುದಕ್ಕಾಗಿ ಓದಬೇಕಾಗಿಲ್ಲ. ‘ಯಾರು ಮಾಡಿದರು’ ಎಂಬ ಪ್ರಶ್ನೆಯನ್ನು ಚಿತ್ರಕ್ಕೆ ಬಿಡೋಣ. ‘ಊರು ಹೀಗೇಕಾಯಿತು’ ಎಂಬ ಪ್ರಶ್ನೆಯನ್ನು ಹಿಡಿದು ಪುಸ್ತಕವನ್ನು ತೆರೆಯೋಣ.