ಪವರ್ ಟಿಲ್ಲರಿನ ಬೆಲ್ಟು ಜಾರಿದಾಗ

ಗದ್ದೆಯನ್ನು ಕೆಸರು ಮಾಡುವಾಗ ಎಂಜಿನ್ ಎಂದಿನ ವೇಗದಲ್ಲಿ ಓಡುತ್ತಿದ್ದು ರೋಟರಿಯ ವೇಗ ಮಾತ್ರ ಕುಗ್ಗಿದರೆ, ಬೆಲ್ಟು ಇಲ್ಲವೆ ಕ್ಲಚ್ಚು ಜಾರುತ್ತಿರುತ್ತದೆ. ಕೀರಲು ಶಬ್ದ, ಸುಟ್ಟ ರಬ್ಬರಿನ ವಾಸನೆ, ಕವಚದೊಳಗೆ ಕಪ್ಪು ಪುಡಿ ಕಂಡುಬಂದರೆ ದೋಷ ಬೆಲ್ಟಿನದೆಂದು ತಿಳಿಯಬೇಕು. ನಾಟಿಯ ಅವಸರದಲ್ಲಿ ಅನೇಕರು ಕೂಡಲೇ ಸ್ಪ್ಯಾನರ್ ಹಿಡಿದು ಬೆಲ್ಟನ್ನು ಬಿಗಿಯುತ್ತಾರೆ. ಕಾರಣ ತಿಳಿಯದೆ ಅತಿಯಾಗಿ ಬಿಗಿದರೆ ಬೇರಿಂಗಿನ ಮೇಲೆ ಭಾರ ಬಿದ್ದು ಅದೂ ಕೆಡುತ್ತದೆ. ಬೆಲ್ಟನ್ನಾದರೆ ಗದ್ದೆಯ ಬದುವಿನಲ್ಲೇ ಬದಲಾಯಿಸಬಹುದು. ಬೇರಿಂಗು ಕೆಟ್ಟರೆ ಯಂತ್ರ ಪೇಟೆಗೆ ಹೋಗಬೇಕು.

'ವಿ' ಬೆಲ್ಟು ಹಿಡಿಯುವುದು ತನ್ನ ಎರಡು ಓರೆ ಪಕ್ಕಗಳಿಂದ, ತಳದಿಂದಲ್ಲ. ಸೀಳಿದ ಮರಕ್ಕೆ ಬೆಣೆ ಹೊಡೆದಂತೆ ಅದು ಪುಲ್ಲಿಯ ತೋಡಿನಲ್ಲಿ ಕಚ್ಚಿಕೊಂಡಿರುತ್ತದೆ. ಎಂಜಿನ್ ನಿಲ್ಲಿಸಿ, ಬಿಸಿ ಆರಿದ ಮೇಲೆ ಕವಚ ತೆಗೆದು ತೋಡನ್ನು ನೋಡಬೇಕು. ತೋಡಿನ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟು ತಳ ಮುಟ್ಟಿದೆ ಎಂದರ್ಥ. ಇಂಥ ಬೆಲ್ಟನ್ನು ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಅದೇ ಅಳತೆಯ ಹೊಸ ಬೆಲ್ಟೂ ತಳ ಮುಟ್ಟಿದರೆ ಪುಲ್ಲಿಯೇ ಸವೆದಿದೆ, ಅದನ್ನೇ ಬದಲಾಯಿಸಬೇಕು.

ಬೆಲ್ಟಿಗೆ ಡೀಸೆಲ್ ಅಥವಾ ಎಣ್ಣೆ ತಗುಲಿದ್ದರೆ ಸೋರಿಕೆಯನ್ನು ಮೊದಲು ನಿಲ್ಲಿಸಬೇಕು. ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಬೆಲ್ಟನ್ನೂ ಪುಲ್ಲಿಯನ್ನೂ ಒರೆಸಿ ಒಣಗಿಸಬೇಕು. ಎಣ್ಣೆ ಕುಡಿದು ಉಬ್ಬಿದ ಬೆಲ್ಟು, ಪಕ್ಕ ಗಟ್ಟಿಯಾಗಿ ಹೊಳಪೇರಿದ ಬೆಲ್ಟು ಮತ್ತೆ ಉಪಯೋಗಕ್ಕೆ ಬಾರದು. ರಾಳದ ಪುಡಿ ಉದುರಿಸುವ ಹಳೆಯ ರೂಢಿ ಗಿರಣಿಯ ಚಪ್ಪಟೆ ಪಟ್ಟಿಗೆ ಸರಿ. 'ವಿ' ಬೆಲ್ಟಿಗೆ ಅದು ಧೂಳನ್ನು ಅಂಟಿಸುವುದೇ ಹೆಚ್ಚು.

ಎರಡು ಪುಲ್ಲಿಗಳ ಮುಖಕ್ಕೆ ದಾರ ಎಳೆದು ಹಿಡಿದರೆ ಅವು ಒಂದೇ ಸಾಲಿನಲ್ಲಿವೆಯೇ ಎಂಬುದು ತಿಳಿಯುತ್ತದೆ.

ಇಷ್ಟಾದ ಮೇಲೆ ಬಿಗಿತ. ಪುಲ್ಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಬೇಕು. ಕೈಪಿಡಿಯಲ್ಲಿ ಹೇಳಿದಷ್ಟು ತಗ್ಗಿದರೆ ಸಾಕು. ಕೈಪಿಡಿ ಇಲ್ಲದವರು, ಪುಲ್ಲಿಗಳ ನಡುವಿನ ಪ್ರತಿ 30 ಸೆಂ.ಮೀ.ಗೆ ಸುಮಾರು 5 ಮಿ.ಮೀ. ತಗ್ಗುವಂತೆ ಇಟ್ಟುಕೊಳ್ಳಬಹುದು. ಕೆಲವು ಮಾದರಿಗಳಲ್ಲಿ ಎಂಜಿನ್ನಿನ ಬೋಲ್ಟು ಸಡಿಲಿಸಿ ಎಂಜಿನ್ನನ್ನೇ ಸರಿಸಬೇಕು, ಕೆಲವಕ್ಕೆ ಬಿಗಿತದ ಪುಲ್ಲಿ ಬೇರೆ ಇರುತ್ತದೆ.

ಜೊತೆಯಾಗಿ ಓಡುವ ಬೆಲ್ಟುಗಳಲ್ಲಿ ಒಂದು ಹರಿದರೂ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಕು. ಹಳೆಯದು ಹಿಗ್ಗಿರುವುದರಿಂದ ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ. ಸ್ಕ್ರೂಡ್ರೈವರಿನಿಂದ ಮೀಟಿ ಹಾಕಿದರೆ ಒಳಗಿನ ನೂಲು ಕಡಿಯುತ್ತದೆ. ಹೊಸ ಬೆಲ್ಟು ಮೊದಲ ಕೆಲವು ತಾಸುಗಳಲ್ಲೇ ಸ್ವಲ್ಪ ಹಿಗ್ಗುವುದರಿಂದ ಅಂದೇ ಸಂಜೆ ಇನ್ನೊಮ್ಮೆ ಒತ್ತಿ ನೋಡಿ ಬಿಗಿಮಾಡಿ, ಕವಚವನ್ನು ಮರೆಯದೆ ಹಾಕಬೇಕು.