ಕೌಂಟರಿನ ಮುಂದೆ ಹೂಂ ಅನ್ನಬೇಡ

ಚಿ. ಸೌ. ಸುಮಾಳಿಗೆ ಅಪ್ಪನ ಆಶೀರ್ವಾದಗಳು.

ಶಿರಸಿಯ ಹೊಸ ಮನೆಗೆ ಫ್ರಿಜ್ಜು, ವಾಷಿಂಗ್ ಮೆಷಿನ್ನು, ಟಿ.ವಿ. ಗೊತ್ತುಮಾಡಿ ಬಂದಿದ್ದೀರೆಂದು ಕೇಳಿ ಸಂತೋಷವಾಯಿತು. ಮೂರಕ್ಕೂ ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಸಿ ಎಂದು ಅಂಗಡಿಯವರು ಒತ್ತಾಯಿಸುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದೆ. ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಚಿಕ್ಕವಳಿದ್ದಾಗ ನಮ್ಮ ಕಪ್ಪು-ಬಿಳುಪು ಟಿ.ವಿ. ಕೆಟ್ಟರೆ ರಿಪೇರಿಯವರು ಮನೆಗೇ ಬರುತ್ತಿದ್ದರಲ್ಲ, ನೆನಪಿದೆಯಾ? ಹಿಂದಿನ ಮುಚ್ಚಳ ಬಿಚ್ಚಿ, ಯಾವುದೋ ಸಣ್ಣ ಬಿಡಿಭಾಗ ಬದಲಿಸಿ, ಬೆಸುಗೆ ಹಾಕಿ, ಕಾಫಿ ಕುಡಿದು ಹೊರಡುತ್ತಿದ್ದರು. ನೀನು ಮೂಗು ಮುಚ್ಚಿಕೊಂಡು ಪಕ್ಕದಲ್ಲೇ ಕೂತಿರುತ್ತಿದ್ದೆ. ಈಗಿನ ಟಿ.ವಿ.ಗಳ ಕಥೆ ಬೇರೆ. ಪ್ಯಾನೆಲ್ ಹೋದರೆ ಇಡಿಯಾಗಿ ಬದಲಿಸಬೇಕು, ಅದರ ಬೆಲೆ ಎಷ್ಟೋ ಸಲ ಹೊಸ ಟಿ.ವಿ.ಯ ಹತ್ತಿರಕ್ಕೇ ಬರುತ್ತದೆ. ಅಂಗಡಿಯವರು ಹೆದರಿಸುವುದರಲ್ಲಿ ಅಷ್ಟು ನಿಜವಿದೆ.

ಫ್ರಿಜ್ಜಿನ ಲೆಕ್ಕ ಹಾಗಲ್ಲ ಮಗೂ. ಸಾಮಾನ್ಯವಾಗಿ ಕಂಪನಿಯೇ 1 ವರ್ಷ ಪೂರ್ತಿ ವಾರಂಟಿ ಕೊಡುತ್ತದೆ. ಕಂಪ್ರೆಸರಿಗೆ ಎಷ್ಟೋ ಕಂಪನಿಗಳು 10 ವರ್ಷ ಕೊಡುತ್ತವೆ. ಗ್ಯಾಸು, ಕೂಲಿ ಬೇರೆಯಾದರೂ ಎಲ್ಲಕ್ಕಿಂತ ದುಬಾರಿ ಭಾಗ ಅದೇ ತಾನೆ. ವಾಷಿಂಗ್ ಮೆಷಿನ್ನಿನ ಮೋಟರಿಗೂ ಹೀಗೇ ಉದ್ದದ ವಾರಂಟಿ ಇರುವುದುಂಟು. ತಯಾರಿಕೆಯಲ್ಲೇ ದೋಷವಿದ್ದರೆ ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ ಗೊತ್ತಾಗುತ್ತದೆ, ಆಗ ರಿಪೇರಿ ಪುಕ್ಕಟೆ. ಸವೆದು ಕೆಡುವುದು ಬಹಳ ವರ್ಷಗಳ ಮೇಲೆ; ಅಷ್ಟರಲ್ಲಿ ನೀನು ದುಡ್ಡು ಕೊಟ್ಟು ಕೊಂಡ ವಾರಂಟಿಯೂ ಮುಗಿದಿರುತ್ತದೆ. ನಡುವಿನ ಆರೋಗ್ಯದ ವರ್ಷಗಳಿಗೆ ಅವರು ಹಣ ಕೇಳುತ್ತಿರುವುದು, ಅದರ ಮೇಲೆ 18% ಜಿ.ಎಸ್.ಟಿ. ಬೇರೆ.

ನನಗೆ ನಿಜವಾಗಿ ಚಿಂತೆ ನಿಮ್ಮೂರಿನ ಮಳೆಗಾಲದ್ದು. ಸಿಡಿಲು, ವೋಲ್ಟೇಜಿನ ಏರಿಳಿತದಿಂದ ಸುಟ್ಟರೆ ಸಾಮಾನ್ಯವಾಗಿ ಇಂಥ ವಾರಂಟಿಯಲ್ಲಿ ಕಾಸೂ ಹುಟ್ಟುವುದಿಲ್ಲ. ಬಾಗಿಲಿನ ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೂ ಅಷ್ಟೆ. ಆ ಹಣದಲ್ಲಿ ಒಳ್ಳೆಯ ಸ್ಟೆಬಿಲೈಸರ್ ತಗೋ. ಗುಡುಗು ಶುರುವಾದರೆ ಪ್ಲಗ್ ಕಿತ್ತುಬಿಡು, ಆಲಸ್ಯ ಬೇಡ.

ಟಿ.ವಿ.ಗೆ ಮಾಡಿಸುವುದಾದರೂ ಅಂಗಡಿಯಲ್ಲಿ ನಿಂತು ಹೂಂ ಅನ್ನಬೇಡ. ಹೊಸ ಸಂಸಾರ ಹೂಡುವಾಗ ಯಾರು ಹೆದರಿಸಿದರೂ ಮನಸ್ಸು ಬೇಗ ಬಗ್ಗುತ್ತದೆ. ಷರತ್ತಿನ ಕಾಗದ ಕೇಳಿ ಮನೆಗೆ ತಾ. ಅಳಿಯಂದಿರ ಜೊತೆ ಕೂತು ಓದು. ಅದರಲ್ಲಿರುವುದು ಟಿ.ವಿ. ಕಂಪನಿಯ ಹೆಸರೋ, ಇನ್ಯಾವುದೋ ಸಂಸ್ಥೆಯದೋ? ಪ್ಯಾನೆಲ್ ಸೇರಿದೆಯೋ? ಮೆಕ್ಯಾನಿಕ್ ಶಿರಸಿಯಲ್ಲೇ ಇದ್ದಾನೋ, ಹುಬ್ಬಳ್ಳಿಯಿಂದ ಬರಬೇಕೋ? ರಿಪೇರಿ ಆಗದಿದ್ದರೆ ಪೂರ್ತಿ ಹಣವೋ, ಸವಕಳಿ ಕಳೆದು ಉಳಿದದ್ದೋ? ಅವಸರವೇನಿಲ್ಲ. ಎಷ್ಟೋ ಕಂಪನಿಗಳು ಮೂಲ ವಾರಂಟಿ ಮುಗಿಯುವುದರೊಳಗೆ ಯಾವಾಗ ಬೇಕಾದರೂ ಇದನ್ನು ಕೊಡುತ್ತವೆ. ನಿನ್ನ ಟಿ.ವಿ. ಕಂಪನಿಯೂ ಕೊಡುತ್ತದೆಯೇ ಎಂದು ಫೋನ್ ಮಾಡಿ ಖಚಿತ ಮಾಡಿಕೋ.

ಬಿಲ್ಲುಗಳ ಜೆರಾಕ್ಸ್ ಮಾಡಿಸಿಡು. ಅಂಗಡಿಯ ಮೆಷಿನ್ನಿನಲ್ಲಿ ಮುದ್ರಿಸಿದ ಬಿಲ್ಲಿನ ಅಕ್ಷರ ಎಷ್ಟೋ ಸಲ ಬೇಗ ಮಾಸಿಹೋಗುತ್ತದೆ. ವಾರಂಟಿ ಇದ್ದೂ ಸತಾಯಿಸಿದರೆ 1915ಕ್ಕೆ ಫೋನ್ ಮಾಡು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಫ್ರಿಜ್ಜಿಗೂ ವಾಷಿಂಗ್ ಮೆಷಿನ್ನಿಗೂ ಬೇಡವೇ ಬೇಡ ಎಂದು ನನ್ನ ಅಭಿಪ್ರಾಯ. ಟಿ.ವಿ.ಯ ಕಾಗದ ಸಿಕ್ಕಿದ ಕೂಡಲೇ ನನಗೂ ಒಂದು ಪ್ರತಿ ಕಳಿಸು, ಓದಿ ಹೇಳುತ್ತೇನೆ.

ಇತಿ,
ನಿನ್ನ ಅಪ್ಪ