ಆಯಸ್ಕಾಂತಕ್ಕೆ ಅಂಟುವ ಆಮ್ಲಜನಕ

ಆಮ್ಲಜನಕದ ಅಣುವನ್ನ ಬರೀರಿ ಅಂದ್ರೆ ನಾವೆಲ್ಲ ಪಿಯುಸಿಯಲ್ಲಿ ಕಲಿತ ಹಾಗೆ ಎರಡು ‘ಓ’ ಬರೆದು, ನಡುವೆ ಎರಡು ಗೆರೆ ಎಳೆದು, ಸುತ್ತ ಚುಕ್ಕಿ ಇಟ್ಟು ಮುಗಿಸ್ತೀವಿ. ಅಷ್ಟಕ ಪೂರ್ತಿ, ಎಲ್ಲ ಎಲೆಕ್ಟ್ರಾನಿಗೂ ಜೋಡಿ ಸಿಕ್ಕಿದೆ, ಮಾರ್ಕ್ಸೂ ಬರುತ್ತೆ. ತೊಂದರೆ ಒಂದೇ: ಈ ಚಿತ್ರ ನಿಜವಾಗಿದ್ದರೆ ಆಯಸ್ಕಾಂತ ಆಮ್ಲಜನಕವನ್ನು ಎಳೆಯಬಾರದು.

ಆದರೆ ಎಳೆಯುತ್ತೆ. ಆಮ್ಲಜನಕ ಮೈನಸ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಿಳಿನೀಲಿ ದ್ರವವಾಗುತ್ತೆ. ಅದನ್ನು ಬಲವಾದ ಆಯಸ್ಕಾಂತದ ಎರಡು ಧ್ರುವಗಳ ನಡುವೆ ಸುರಿದರೆ ಕೆಳಗೆ ಬೀಳದೆ ಅಲ್ಲೇ ಸೇತುವೆ ಕಟ್ಟಿ ನಿಲ್ಲುತ್ತೆ. ದ್ರವ ಸಾರಜನಕ ಸುರಿದರೆ ಸುಮ್ಮನೆ ಜಾರಿ ಹೋಗುತ್ತೆ. ದ್ರವ ಆಮ್ಲಜನಕದ ಈ ಗುಣವನ್ನು ಜೇಮ್ಸ್ ಡೀವರ್ 1891ರಲ್ಲೇ ಲಂಡನ್ನಿನಲ್ಲಿ ತೋರಿಸಿದ್ದ. ಆರ್ಬಿಟಲ್‌ಗಳ ಮೂಲಕ ಉತ್ತರ ಕೊಟ್ಟಿದ್ದು 1929ರಲ್ಲಿ ಲೆನ್ನಾರ್ಡ್-ಜೋನ್ಸ್.

ಅಣುವಿನಲ್ಲಿ ಎಲೆಕ್ಟ್ರಾನುಗಳು ಒಂದೊಂದು ಪರಮಾಣುವಿನ ಆಸ್ತಿಯಾಗಿ ಉಳಿಯಲ್ಲ. ಎರಡು ಪರಮಾಣುಗಳ ಆರ್ಬಿಟಲ್‌ಗಳು ಅಲೆಗಳ ಹಾಗೆ ಬೆರೆಯುತ್ತವೆ. ಎರಡು ಹಾಕಿದರೆ ಎರಡೇ ಸಿಗೋದು: ಅಲೆಗಳು ಕೂಡಿದರೆ ಬಂಧ ಬಿಗಿಯುವ ಕೆಳಮಟ್ಟದ ಆರ್ಬಿಟಲ್, ಕಳೆದರೆ ಬಂಧ ಸಡಿಲಿಸುವ ಮೇಲ್ಮಟ್ಟದ ಆರ್ಬಿಟಲ್. ಈಗ ಹೊರಕವಚದ 12 ಎಲೆಕ್ಟ್ರಾನುಗಳನ್ನು ಕೆಳಗಿನಿಂದ ತುಂಬುತ್ತಾ ಬನ್ನಿ. ಹತ್ತು ಜೋಡಿ ಜೋಡಿಯಾಗಿ ಕೂತವು. ಉಳಿದ ಎರಡಕ್ಕೆ ಸಿಕ್ಕಿದ್ದು ಸಮಾನ ಶಕ್ತಿಯ ಎರಡು ಪೈ-ಸ್ಟಾರ್ ಆರ್ಬಿಟಲ್. ಬಸ್ಸಿನಲ್ಲಿ ಎರಡು ಸೀಟು ಪೂರ್ತಿ ಖಾಲಿ ಇರುವಾಗ ಯಾರಾದ್ರೂ ಅಪರಿಚಿತರ ಪಕ್ಕ ಹೋಗಿ ಕೂರ್ತಾರಾ? ಒಂದೊಂದರಲ್ಲಿ ಒಂದೊಂದು, ಸ್ಪಿನ್ ಒಂದೇ ದಿಕ್ಕಿಗೆ. ಆಯಸ್ಕಾಂತ ಹಿಡಿಯೋದು ಈ ಎರಡು ಒಂಟಿಗಳನ್ನೇ. ಬಂಧದ ಲೆಕ್ಕ ಮಾತ್ರ ಕೆಡಲ್ಲ: ಬಿಗಿಯುವವು 8, ಸಡಿಲಿಸುವವು 4, ವ್ಯತ್ಯಾಸದ ಅರ್ಧ 2. ಅಂದರೆ ನಮ್ಮ ಎರಡು ಗೆರೆ ಸರಿ, ಚುಕ್ಕಿಗಳೇ ತಪ್ಪು. ಸಾರಜನಕದಲ್ಲಿ ಎರಡು ಎಲೆಕ್ಟ್ರಾನ್ ಕಮ್ಮಿ, ಪೈ-ಸ್ಟಾರ್ ಖಾಲಿ, ಅದಕ್ಕೇ ಜಾರಿ ಹೋಗಿದ್ದು.

ನನಗೆ ಪೂರ್ತಿ ನಂಬಿಕೆ ಬಂದಿದ್ದು ಇನ್ನೊಂದು ಅಳತೆ ನೋಡಿದಾಗ. ಎಲೆಕ್ಟ್ರಾನ್ ಅಂದ್ರೆ ಅಂಟು ಅಂದುಕೊಂಡಿದ್ದೆ; ಒಂದನ್ನು ಕಿತ್ತರೆ ಬಂಧ ಸಡಿಲ ಆಗಬೇಕಲ್ವಾ? ಆಮ್ಲಜನಕದಿಂದ ಒಂದು ಎಲೆಕ್ಟ್ರಾನ್ ಕಿತ್ತರೆ ಬಂಧದ ಉದ್ದ 1.21 ಆಂಗ್‌ಸ್ಟ್ರಮ್‌ನಿಂದ 1.12ಕ್ಕೆ ಇಳಿಯುತ್ತೆ, ಬಂಧ ಇನ್ನೂ ಗಟ್ಟಿ! ಹೋಗಿದ್ದು ಸಡಿಲಿಸುವ ಎಲೆಕ್ಟ್ರಾನ್.

ಇದು ಬರೀ ಎಕ್ಸಾಮ್ ಪ್ರಶ್ನೆ ಅಲ್ಲ. ಕಾಗದ, ಬಟ್ಟೆ, ನಮ್ಮ ಮೈ ಇವುಗಳ ಅಣುಗಳಲ್ಲಿ ಎಲೆಕ್ಟ್ರಾನುಗಳು ಬಹುತೇಕ ಜೋಡಿಯಾಗೇ ಇವೆ. ಒಂದೇ ದಿಕ್ಕಿನ ಸ್ಪಿನ್ ಇರುವ ಎರಡು ಒಂಟಿಗಳು ಅವುಗಳ ಜೊತೆ ನೇರವಾಗಿ ಸೇರೋದು ಕಷ್ಟ. ಗಾಳಿಯಲ್ಲಿ 21% ಆಮ್ಲಜನಕ ಇದ್ದರೂ ನಿಮ್ಮ ನೋಟ್ಸ್ ಕಿಡಿ ತಾಗುವವರೆಗೆ ಹೊತ್ತಿಕೊಳ್ಳದೆ ಇರೋದಕ್ಕೆ ಇದೂ ಒಂದು ದೊಡ್ಡ ಕಾರಣ.